ವಿಯೆಟ್ನಾಮಿನ ಹೆಸರಿಗೆ ಕನ್ನಡದ ಙ

ಪ್ರಶ್ನೆ: ನಾನು ಅಮೆರಿಕದ ಸ್ಯಾನ್ ಹೊಸೆಯಲ್ಲಿ ಹಲ್ಲಿನ ಕ್ಲಿನಿಕ್ ಒಂದರ ರಿಸೆಪ್ಷನ್‌ನಲ್ಲಿದ್ದೇನೆ. ಬರುವವರಲ್ಲಿ ಅರ್ಧದಷ್ಟು ಜನ ವಿಯೆಟ್ನಾಮಿನವರು. ದಿನವಿಡೀ ಅವರ ಹೆಸರು ಹಿಡಿದು ಕರೆಯುವುದೇ ನನ್ನ ಕೆಲಸ. ಪರದೆಯ ಮೇಲೆ ಕಾಣುವ ಹಾಗೆ 'ನ್ಗುಯೆನ್' ಎಂದರೆ ಯಾರೂ ತಲೆಯೆತ್ತುವುದಿಲ್ಲ. ಜೊತೆಯವರು ಹೇಳುವಂತೆ 'ವಿನ್' ಎಂದರೆ ಎದ್ದು ಬರುತ್ತಾರೆ, ಆದರೆ ಅದು ಅವರ ಹೆಸರಲ್ಲ ಅಂತ ಅನಿಸುತ್ತದೆ. ನನ್ನ ಹೆಸರಿನ ಳಕಾರವನ್ನು ಲಕಾರ ಮಾಡಿ ಕರೆದಾಗ ನನಗೆ ಆಗುವ ಕಸಿವಿಸಿ ಅವರಿಗೂ ಆಗುತ್ತಿರಬೇಕಲ್ಲವೇ? 45 ದಾಟಿದ ಮೇಲೆ ಇದನ್ನೆಲ್ಲ ಕಲಿಯಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಸಾಧ್ಯ. ವಯಸ್ಸಿನ ಮಾತು ಬಿಡಿ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿರುವ ಅಮೆರಿಕದವರಿಗಿಂತ ನೀವು ಎಷ್ಟೋ ಮುಂದಿದ್ದೀರಿ. ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ ಕ ಖ ಗ ಘ ಙ ತಿದ್ದಿದವರು ನೀವು. ಆ ಸಾಲಿನ ಕೊನೆಯ ಅಕ್ಷರವನ್ನು ಒಂದನೇ ತರಗತಿಯ ನಂತರ ನಾವ್ಯಾರೂ ಬಿಡಿಯಾಗಿ ಬರೆದವರಲ್ಲ. 'ಇದು ಯಾವ ಪದಕ್ಕೆ ಬೇಕು ಟೀಚರ್?' ಎಂದು ಕೇಳಿ ಸುಮ್ಮನಾದವರೇ ಎಲ್ಲ. ನೀವು ದಿನಕ್ಕೆ ಇಪ್ಪತ್ತು ಸಲ ಕರೆಯಬೇಕಾದ ಆ ಹೆಸರು ಶುರುವಾಗುವುದೇ ಆ ಅಕ್ಷರದಿಂದ. ನಿಮ್ಮ ತೊಡಕು ನಾಲಿಗೆಯದಲ್ಲ, ಕಣ್ಣಿನದು. ರೋಮನ್ ಅಕ್ಷರ ಕಂಡ ಕೂಡಲೇ ಇಂಗ್ಲಿಷಿನಂತೆ ಓದಿಬಿಡುತ್ತೀರಿ.

ಆ ಬರವಣಿಗೆ ಇಂಗ್ಲಿಷಿಗಾಗಿ ಹುಟ್ಟಿದ್ದೇ ಅಲ್ಲ. 17ನೇ ಶತಮಾನದಲ್ಲಿ ವಿಯೆಟ್ನಾಮಿಗೆ ಹೋದ ಜೆಸ್ವಿಟ್ ಪಾದ್ರಿಗಳು, ಅದರಲ್ಲೂ ಪೋರ್ಚುಗಲ್‌ನವರು, ತಮ್ಮ ಕಿವಿಗೆ ಕೇಳಿದ್ದನ್ನು ತಮಗೆ ಗೊತ್ತಿದ್ದ ಅಕ್ಷರಗಳಲ್ಲಿ ಬರೆದುಕೊಂಡರು. 1651ರಲ್ಲಿ ಅಲೆಕ್ಸಾಂಡ್ರ್ ದ ರೋಡ್ ಎಂಬ ಪಾದ್ರಿಯ ನಿಘಂಟು ರೋಮ್‌ನಲ್ಲಿ ಅಚ್ಚಾಯಿತು. ಇಂದಿನ ವಿಯೆಟ್ನಾಮಿ ಲಿಪಿಯ ಬೇರು ಅಲ್ಲಿದೆ. ಹಾಗಾಗಿ ಅಲ್ಲಿ 'ಎನ್' ಮತ್ತು 'ಜಿ' ಜೊತೆಯಾಗಿ ಬಂದರೆ ಅದು ನ ಮತ್ತು ಗ ಅಲ್ಲ, ಒಂದೇ ಒಂದು ಧ್ವನಿ: ಙ. 'ಎನ್' ಮತ್ತು 'ಎಚ್' ಜೊತೆಯಾದರೆ ಞ. 'ಟಿ' ಮತ್ತು 'ಎಚ್' ಸೇರಿದರೆ ನಮ್ಮ ಥ, ಬರೀ 'ಟಿ' ಇದ್ದರೆ ನಮ್ಮ ತ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ತ–ಥ ವ್ಯತ್ಯಾಸ ನಮ್ಮ ವರ್ಣಮಾಲೆಯಲ್ಲಿ ಅಕ್ಕಪಕ್ಕದಲ್ಲೇ ಕೂತಿದೆ. ಮಾತಿನಲ್ಲಿ ನಾವು ಮಹಾಪ್ರಾಣವನ್ನು ನುಂಗುವುದುಂಟು, ನಿಜ. ಇಲ್ಲಿ ಮಾತ್ರ ನುಂಗಬೇಡಿ.

ಈಗ ಙ. ಶಾಲೆಯಲ್ಲಿ ಬಹಳ ಮಂದಿ ಅದನ್ನು 'ಇಂಗ' ಎಂದೋ 'ನ್ಯ' ಎಂದೋ ಹೇಳಿ ಮುಂದೆ ಹೋಗಿರುತ್ತೇವೆ, ಆದ್ದರಿಂದ ಮೊದಲು ಅದನ್ನು ಶುದ್ಧವಾಗಿ ಹಿಡಿಯಬೇಕು. 'ಮಂಗ' ಎನ್ನಿ. ಇನ್ನೊಮ್ಮೆ, ನಿಧಾನವಾಗಿ. 'ಮ' ಆದ ಮೇಲೆ 'ಗ' ಬರುವ ಮುಂಚೆ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಕ್ಕೆ ಅಂಟಿಕೊಂಡು ಒಂದು ಗುಂಯ್ ಅನ್ನುವ ನಾದ ಮೂಗಿನಿಂದ ಬರುತ್ತದಲ್ಲ, ಅಲ್ಲೇ ನಿಲ್ಲಿಸಿ. 'ಗ'ವನ್ನು ಬಿಡಬೇಡಿ. 'ಮಙ್ಙ್ಙ್ಙ್…' ಎಂದು ನಾಲ್ಕೆಣಿಸುವಷ್ಟು ಎಳೆಯಿರಿ. ಎಳೆಯುತ್ತಿರುವಾಗಲೇ ಎರಡು ಬೆರಳಿನಿಂದ ಮೂಗು ಮುಚ್ಚಿ. ನಾದ ಥಟ್ಟನೆ ಕಟ್ಟಿಹೋದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಮೂಗು ಬಿಟ್ಟು ಮತ್ತೆ ಎಳೆಯಿರಿ. ಈಗ ನಾಲಿಗೆಯನ್ನು ಮೆತ್ತಗೆ ಕೆಳಗಿಳಿಸಿ 'ಆ' ಸೇರಿಸಿ: 'ಙ್ಙ್ಙಾ'. ನಾಲಿಗೆ ಕಳಚುವಾಗ 'ಟಕ್' ಅಂತ ಸಣ್ಣ ಒಡೆತ ಕೇಳಿಸಿದರೆ ಗಕಾರ ನುಸುಳಿದೆ ಎಂದರ್ಥ. ಒಡೆತವಿಲ್ಲದೆ ಬೆಣ್ಣೆಯ ಹಾಗೆ ಜಾರಬೇಕು. ನಿಮಗೆ ಮಲಯಾಳಿ ಗೆಳತಿಯರಿದ್ದರೆ ಮಾವಿನಕಾಯಿಗೆ ಏನನ್ನುತ್ತಾರೆ ಕೇಳಿ. 'ಮಾಙ್ಙ' ಎನ್ನುವಾಗ ಅಲ್ಲಿ ಗಕಾರದ ಸುಳಿವೇ ಇರುವುದಿಲ್ಲ. ಆ ನಡುವಿನ ಧ್ವನಿಯನ್ನೇ ಪದದ ಮೊದಲಿಗೆ ತಂದರೆ ಮುಗಿಯಿತು.

ಸ್ನಾನದ ಮನೆಯಲ್ಲಿ, ಕಾರಿನಲ್ಲಿ, ಮೂರು ದಿನ ಬರೀ ಇಷ್ಟೇ ಮಾಡಿ: ಙಾ, ಙೀ, ಙೋ. ನನ್ನ ವಿದ್ಯಾರ್ಥಿಗಳಲ್ಲಿ ನಾಲ್ಕನೇ ದಿನಕ್ಕೂ ಇದು ಬಾರದವರು ಬಹಳ ಕಡಿಮೆ.

ಙಾ ಬಂದ ಮೇಲೆ ಉಳಿದದ್ದು ಜೋಡಣೆ. ಆ ಹೆಸರಿನಲ್ಲಿ 'ಯು' ಎಂದು ಬರೆದಿರುವುದು ಉಕಾರವಲ್ಲ, ವಕಾರದ ಕಡೆಗೆ ತುಟಿ ದುಂಡಗಾಗುವುದಕ್ಕೆ ಗುರುತು. 'ವೈ' ಮತ್ತು 'ಇ' ಸೇರಿ 'ಇಅ' ಎಂಬ ಒಂದೇ ಜಾರುಸ್ವರ. ಒಟ್ಟು ಸೇರಿಸಿದರೆ ಙ್ವಿಅನ್. ಒಂದೇ ಉಸಿರು, ಒಂದೇ ಅಕ್ಷರಗಣ (ಇಂಗ್ಲಿಷಿನ ಸಿಲಬಲ್). ಕನ್ನಡದಲ್ಲಿ ಇದನ್ನು 'ಗುಯೆನ್', 'ನ್ಗುಯೆನ್' ಎಂದೆಲ್ಲ ಬರೆಯುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದಕ್ಕೆಂದೇ ಅಕ್ಷರ ಇಟ್ಟುಕೊಂಡಿರುವ ಲಿಪಿ ನಮ್ಮದು.

ಆದರೆ ಸ್ಯಾನ್ ಹೊಸೆಯಲ್ಲಿ ನಿಮ್ಮ ಕಿವಿಗೆ ಹೆಚ್ಚಾಗಿ ಬೀಳುವುದು ಙ್ವಿಅನ್ ಅಲ್ಲ, ಙ್ವಿಅಙ್. ಕೊನೆಯ ನಕಾರವೂ ಙಕಾರವಾಗಿರುತ್ತದೆ. ಇದು ತಪ್ಪಲ್ಲ, ದಕ್ಷಿಣದ ಮಾತು. 1975ರ ಏಪ್ರಿಲ್ 30ರಂದು ದಕ್ಷಿಣದ ರಾಜಧಾನಿ ಸೈಗಾನ್ ಉತ್ತರದ ಸೇನೆಯ ವಶವಾದ ಮೇಲೆ ಕ್ಯಾಲಿಫೋರ್ನಿಯಾ ಸೇರಿದವರಲ್ಲಿ ಬಹುಪಾಲು ದಕ್ಷಿಣ ವಿಯೆಟ್ನಾಮಿನವರು. ಸಲೀಸಾಗಿ ಮಾತಾಡುವಾಗ ದಕ್ಷಿಣದವರು ಮೊದಲಿನ ಙಕಾರವನ್ನೂ ಸಡಿಲಿಸಿ ಬರೀ 'ವಿಅಙ್' ಎಂಬಂತೆ ಹೇಳುವುದುಂಟು. ಹಾಗಾಗಿ ನಿಮ್ಮ ಜೊತೆಯವರ 'ವಿನ್' ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ತಮ್ಮನ್ನು ತಾವೇ 'ವಿನ್' ಎಂದು ಪರಿಚಯಿಸಿಕೊಳ್ಳುವುದೂ ಸಾಮಾನ್ಯ. ಹಾಗೆ ಹೇಳಿಕೊಂಡವರನ್ನು ಹಾಗೇ ಕರೆಯಿರಿ. ಅವರ ಹೆಸರನ್ನು ಅವರಿಗೇ ತಿದ್ದುವುದು ಬೇಡ.

ಕಾಯುವ ಕೋಣೆಯಲ್ಲಿ ಕೂತವರೆಲ್ಲ ಅದೇ ಮನೆತನದವರು ಯಾಕೆ ಎಂದು ನಿಮಗೆ ಅನಿಸಿರಬಹುದು. ವಿಯೆಟ್ನಾಮಿನಲ್ಲಿ ನೂರಕ್ಕೆ ಸುಮಾರು 38 ಜನರ ಕುಲನಾಮ ಅದು. ಎಲ್ಲರೂ ಒಂದೇ ಬಳ್ಳಿಯವರಲ್ಲ. ರಾಜವಂಶ ಬದಲಾದಾಗ ಸೋತವರು ಹೆಸರು ಬದಲಿಸಬೇಕಾಗಿ ಬರುತ್ತಿತ್ತು. 1225ರಲ್ಲಿ ಚನ್ ವಂಶ ಅಧಿಕಾರಕ್ಕೆ ಬಂತು, 1232ರಲ್ಲಿ ಹಿಂದಿನ ಲೀ ರಾಜಮನೆತನದವರೆಲ್ಲ ಈ ಹೆಸರಿಗೆ ಬದಲಾಗಬೇಕೆಂದು ಆಜ್ಞೆ ಹೊರಟಿತು. ಮುಂದೆ 1802ರಿಂದ 1945ರವರೆಗೆ ಆಳಿದ ಕೊನೆಯ ರಾಜವಂಶದ ಹೆಸರೂ ಇದೇ ಆದ್ದರಿಂದ ಅದು ಇನ್ನಷ್ಟು ಹರಡಿತು.

ನಮ್ಮ ಬಾಯಿಯ ಅನುಕೂಲ ಹೇಳಿದೆ. ಅದರ ಒಂದು ಕೆಟ್ಟ ಚಾಳಿಯನ್ನೂ ಹೇಳಬೇಕು. ಕನ್ನಡಕ್ಕೆ ಪದ ಸ್ವರದಲ್ಲಿ ಮುಗಿದರೇ ಸಮಾಧಾನ. ಬಸ್ ಬಸ್ಸಾಯಿತು, ಕಾರ್ ಕಾರಾಯಿತು. ಅವಸರದಲ್ಲಿ ಕರೆಯುವಾಗ ನಿಮಗೆ ತಿಳಿಯದೆಯೇ 'ಫಾಮು', 'ಚನ್ನು' ಎಂದು ಬಾಲ ಹುಟ್ಟಿಕೊಳ್ಳುತ್ತದೆ. ವಿಯೆಟ್ನಾಮಿಯಲ್ಲಿ ಬಾಲ ಬಂದರೆ ಅದು ಇನ್ನೊಂದು ಪದವೇ ಆಗಿಬಿಡುತ್ತದೆ, ಏಕೆಂದರೆ ಅಲ್ಲಿ ಪ್ರತಿ ಅಕ್ಷರಗಣಕ್ಕೂ ಸ್ವಂತ ಅರ್ಥ, ಸ್ವಂತ ದನಿ. ಫಾಮ್ ಎಂದ ಮೇಲೆ ತುಟಿ ಮುಚ್ಚಿದ್ದು ಮುಚ್ಚಿದ್ದೇ ಇರಲಿ. ಒಂದು ಗಳಿಗೆ ಬಿಟ್ಟು ತೆರೆಯಿರಿ. ಙಕಾರದಲ್ಲಿ ಮುಗಿಯುವ ಹೆಸರುಗಳಿಗೆ ಕೊನೆಯಲ್ಲಿ ಗಕಾರ ಅಂಟಿಸುವುದೂ ಇದೇ ಚಾಳಿಯ ಇನ್ನೊಂದು ರೂಪ.

ಉಳಿದ ಹೆಸರುಗಳು ಇಷ್ಟು ಕಷ್ಟವಲ್ಲ. ಹತ್ತು ಹನ್ನೆರಡು ಕಲಿತರೆ ನಿಮ್ಮ ಕ್ಲಿನಿಕ್ಕಿನ ಬಹುಪಾಲು ಕೆಲಸ ಸಾಗುತ್ತದೆ. ಪರದೆಯ ಮೇಲೆ 'ಟ್ರಾನ್' ಎಂದು ಕಾಣುವುದರಲ್ಲಿ ದೀರ್ಘವಿಲ್ಲ. 'ಚನ್ನ' ಎನ್ನುವಾಗಿನ ಮೊದಲ ಅಕಾರವೇ ಅಲ್ಲಿರುವುದು. ಉತ್ತರದವರಿಗೆ ಅದು ಚನ್, ದಕ್ಷಿಣದವರಿಗೆ ನಾಲಿಗೆಯ ತುದಿ ಮಡಚಿ ಟ್ರಙ್. ನಮ್ಮ ಟಕಾರ ಇಲ್ಲಿ ನೆರವಿಗೆ ಬರುತ್ತದೆ. ಲಾಮ್ ಎಂದು ಕಾಣುವುದೂ ಹೀಗೇ, ಲಮ್. ಆದರೆ ಫಾಮ್‌ನಲ್ಲಿ ಇರುವುದು ನಿಜವಾದ ಆಕಾರ, ಅಮೆರಿಕನ್ನರ 'ಫ್ಯಾಮ್' ಅಲ್ಲ. ಲೇ ಎಂದರೆ ಲೇ, 'ಲೀ' ಅಲ್ಲ. ಲೀ ಬೇರೆಯೇ ಮನೆತನ. ಬುಯ್ ಒಂದೇ ಗಣ, 'ಬೂಯೀ' ಎಂದು ಎರಡು ಮಾಡಬೇಡಿ.

'ಡಿ' ಅಕ್ಷರ ಮಾತ್ರ ನಿಮ್ಮನ್ನು ದಾರಿ ತಪ್ಪಿಸುತ್ತದೆ. ವಿಯೆಟ್ನಾಮಿ ಲಿಪಿಯಲ್ಲಿ ಎರಡು 'ಡಿ'ಗಳಿವೆ. ಅಡ್ಡಗೆರೆ ಹೊಡೆದದ್ದು ದಕಾರ–ಡಕಾರಗಳ ನಡುವಿನ ಧ್ವನಿ. ಗೆರೆಯಿಲ್ಲದ್ದು ದಕಾರವೇ ಅಲ್ಲ. ಉತ್ತರದಲ್ಲಿ ಅದು ಇಂಗ್ಲಿಷಿನ 'ಝಡ್', ದಕ್ಷಿಣದಲ್ಲಿ ಯಕಾರ. ನಿಮ್ಮ ಕಂಪ್ಯೂಟರಿನಲ್ಲಿ ಗೆರೆ, ಕೊಂಬು, ಚುಕ್ಕೆ ಎಲ್ಲವೂ ಉದುರಿಹೋಗಿರುತ್ತವೆ. ಹಾಗಾಗಿ ಇದನ್ನು ನೆನಪಿಟ್ಟುಕೊಳ್ಳಬೇಕು: ದಙ್, ದೋ, ದಿನ್ಹ್ ಎಂದು ಕಾಣುವವರೆಲ್ಲ ದಕಾರದವರು. 'ದುಒಂಗ್' ಎಂದು ಕಾಣುವವರು ಹೆಚ್ಚುಕಡಿಮೆ ಯಾವಾಗಲೂ ಯಕಾರದವರು, ನಿಮ್ಮೂರಲ್ಲಿ ಯಿಅಙ್. ಇದರಲ್ಲಿರುವ ಮೊದಲ ಸ್ವರ ಕನ್ನಡದಲ್ಲಿಲ್ಲ. ಉಕಾರ ಹೇಳುತ್ತಾ ತುಟಿಯನ್ನು ಮಾತ್ರ ನಗುವಿನ ಹಾಗೆ ಅಗಲಿಸಿದರೆ ಅದು ಬರುತ್ತದೆ. ನೀವು ಮಂಗಳೂರು ಕಡೆಯವರಾಗಿ ತುಳು ಬಲ್ಲವರಾದರೆ, ಅಥವಾ ಕೊಡವ ತಕ್ಕ್ ಆಡುವವರಾದರೆ, ಇಷ್ಟೂ ಕಷ್ಟವಿಲ್ಲ. ತುಳುವಿನ ಪದಗಳ ಕೊನೆಯಲ್ಲಿ ಬರುವ ಆ ಅರೆ ಉಕಾರ ಇದಕ್ಕೆ ತೀರಾ ಹತ್ತಿರ.

ನನಗೆ ಬಹಳ ಇಷ್ಟವಾದ ಸಂಗತಿಯೊಂದು ಇಲ್ಲಿದೆ. ನಿಮ್ಮಲ್ಲಿಗೆ ಹ್ವಾಙ್ ಎಂಬುವವರೂ ಬರುತ್ತಾರೆ, ಹ್ವಿನ್ ಎಂಬುವವರೂ ಬರುತ್ತಾರೆ. ಪರದೆಯ ಮೇಲೆ ಬೇರೆ ಬೇರೆಯಾಗಿ ಕಂಡರೂ ಮೂಲದಲ್ಲಿ ಎರಡೂ ಒಂದೇ ಹೆಸರು. 1558ರಲ್ಲಿ ಒಬ್ಬ ಸರದಾರ ದಕ್ಷಿಣದ ಸೀಮೆಯನ್ನು ಆಳಲು ಹೋದ. ಅವನ ಸ್ವಂತ ಹೆಸರು ಹ್ವಾಙ್. ದೊರೆಯ ಹೆಸರನ್ನು ಪ್ರಜೆಗಳು ಬಾಯಲ್ಲಿ ಆಡಬಾರದು ಎಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ಅವನ ಸೀಮೆಯಲ್ಲಿ ಆ ಪದವೇ ಹ್ವಿನ್ ಎಂದು ತಿರುಗಿತು. ವೂ ಮತ್ತು ವೋ ಎಂಬ ಜೋಡಿಯ ಕಥೆಯೂ ಇಂಥದ್ದೇ. ಗಂಡನ ಹೆಸರನ್ನು ನೇರವಾಗಿ ಹೇಳಲಾರದೆ ಒಡಪು ಕಟ್ಟುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು. ನಿಮಗೆ ಇದರಿಂದ ಒಂದು ಪ್ರಯೋಜನವೂ ಇದೆ. ಹ್ವಿನ್, ವೋ ಎಂದು ಕಂಡರೆ ಆ ಕುಟುಂಬ ದಕ್ಷಿಣದ್ದು ಅಥವಾ ಮಧ್ಯಭಾಗದ್ದು ಇರಬೇಕು. ಹ್ವಾಙ್, ವೂ ಎಂದು ಕಂಡರೆ ಬೇರು ಉತ್ತರದಲ್ಲಿರಬಹುದು. 1954ರಲ್ಲಿ ದೇಶ ಇಬ್ಭಾಗವಾದಾಗ ಉತ್ತರದಿಂದ ಲಕ್ಷಗಟ್ಟಲೆ ಜನ ದಕ್ಷಿಣಕ್ಕೆ ಬಂದರು. ಅವರಲ್ಲಿ ಎಷ್ಟೋ ಕುಟುಂಬಗಳು 1975ರಲ್ಲಿ ಎರಡನೇ ಸಲ ಮನೆ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದವು. ಅಂಥ ಮನೆಯ ಹಿರಿಯರು ಈಗಲೂ ಙ್ವಿಅನ್ ಎಂದೇ ಹೇಳಬಹುದು, ಮೊಮ್ಮಕ್ಕಳು ಙ್ವಿಅಙ್ ಎನ್ನಬಹುದು.

ಇನ್ನು ದನಿಯ ಏರಿಳಿತ. ಇದನ್ನು ಬಿಟ್ಟುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ವ್ಯಂಜನ ಮೊದಲು ಕಲಿಯಿರಿ, ಅಷ್ಟೇ. ದನಿ ಆಮೇಲೆ ಬರಲಿ, ಆದರೆ ಬರಲೇಬೇಕು. ನಮಗೆ ಹಳ್ಳಿ ಬೇರೆ ಹಲ್ಲಿ ಬೇರೆ ಆದ ಹಾಗೆ ಅವರಿಗೆ ದನಿ ಇಳಿದ 'ಹೋ' ಬೇರೆ, ಬಗ್ಗಿ ಎದ್ದ 'ಹೋ' ಬೇರೆ. ಮೊದಲನೆಯದು ಕೆರೆ, ಅದೇ ಒಂದು ಕುಲನಾಮವೂ ಹೌದು. ಎರಡನೆಯದು ಹುಲಿ. ನೇರ ಮೇಲಕ್ಕೇರಿದರೆ ಗುಂಡಿ.

ಹನೋಯ್‌ನಲ್ಲಿ ನನಗೆ ಪಾಠ ಹೇಳಿದ ಹಿರಿಯ ಹೆಂಗಸು ಪುಸ್ತಕ ತೆರೆಸಲೇ ಇಲ್ಲ. ಎದೆಯ ಮುಂದೆ ಅಂಗೈ ಚಪ್ಪಟೆಯಾಗಿ ಹಿಡಿದು, ಹೆಸರು ಹೇಳುತ್ತಾ ಕೈಯನ್ನು ದನಿಯ ಜೊತೆ ಓಡಿಸುತ್ತಿದ್ದರು. ಲೇ, ಙೋ, ಫಾನ್ ಎನ್ನುವಾಗ ಕೈ ಮೇಜಿನ ಹಾಗೆ ಸಮ. ಚನ್, ಹ್ವಾಙ್, ಹೋ, ಬುಯ್ ಎನ್ನುವಾಗ ಕೈ ನಿಧಾನ ಕೆಳಗೆ, ನಿಟ್ಟುಸಿರು ಬಿಟ್ಟಂತೆ. ಲೀ ಎನ್ನುವಾಗ 'ಹೌದಾ?' ಎಂದು ಬೆರಗಿನಿಂದ ಕೇಳಿದಂತೆ ಮೇಲಕ್ಕೆ. ಫಾಮ್, ದಙ್ ಎನ್ನುವಾಗ ಕೈ ಕೆಳಗಿಳಿದು ಮುಷ್ಟಿ ಕಟ್ಟುತ್ತಿತ್ತು. ಆ ದನಿಯ ಹೆಸರಿಗೆ ಅವರ ಭಾಷೆಯಲ್ಲಿ 'ಭಾರ' ಎಂದೇ ಅರ್ಥ. ತುಂಬಿದ ಕೊಡ ಎತ್ತುವಾಗ ಗಂಟಲು ಬಿಗಿಯುತ್ತದಲ್ಲ, ಹಾಗೆ ಕೊನೆ ತುಂಡಾಗಬೇಕು. ದಕ್ಷಿಣದಲ್ಲಿ ಈ ಬಿಗಿತ ಸಡಿಲ.

ಙ್ವಿಅನ್, ವೂ, ದೋ ಇವುಗಳ ದನಿ ಎಲ್ಲಕ್ಕಿಂತ ಕಷ್ಟದ್ದು. ಉತ್ತರದಲ್ಲಿ ಅದು ಏರುತ್ತಾ ನಡುವೆ ಮುರಿದು ಮತ್ತೆ ಏರುತ್ತದೆ. ಅದಕ್ಕೂ ನಿಮ್ಮಲ್ಲಿ ಸಾಮಗ್ರಿ ಇದೆ. ಬಾಯಿ ಮುಚ್ಚಿಕೊಂಡೇ ಬೇಡ ಎನ್ನಲು 'ಉಂ–ಉಂ' ಎನ್ನುತ್ತೀರಲ್ಲ, ಆ ಎರಡರ ನಡುವೆ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ. ಆ ಮುರಿತವೇ ಇದು. ದಕ್ಷಿಣದವರು ಇಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ. ಅವರಲ್ಲಿ ಆರು ದನಿಗಳು ಐದಾಗಿವೆ, ಮುರಿಯುವ ದನಿ ಹುಲಿ ಎಂಬರ್ಥದ 'ಹೋ'ದ ದನಿಯೊಂದಿಗೆ ಬೆರೆತಿದೆ. ಬಗ್ಗಿ ಎದ್ದರೆ ಸಾಕು. ನಿಮ್ಮೂರಿಗೆ ನೀವು ಇದನ್ನೇ ಕಲಿಯಿರಿ ಎಂಬುದು ನನ್ನ ಸಲಹೆ.

ಇಷ್ಟೆಲ್ಲ ಹೇಳಿದ ಮೇಲೆ, ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ವಿಯೆಟ್ನಾಮಿನಲ್ಲಿ ಯಾರನ್ನೂ ಕುಲನಾಮದಿಂದ ಕರೆಯುವುದಿಲ್ಲ. ಅದು ಹೆಸರಿನ ಮೊದಲಲ್ಲಿ ಬರುತ್ತದೆ, ಕೊನೆಯಲ್ಲಿರುವುದು ಸ್ವಂತ ಹೆಸರು, ಕರೆಯುವುದು ಅದರಿಂದ. 1954ರಲ್ಲಿ ಫ್ರೆಂಚರ ವಿರುದ್ಧ ದಿಅನ್ ಬಿಅನ್ ಫೂ ಕದನ ಗೆದ್ದ ಸೇನಾನಿಯ ಕುಲನಾಮ ವೋ, ಆದರೆ ಅವರು ಎಲ್ಲರಿಗೂ ಜನರಲ್ ಝಾಪ್. 2010ರಲ್ಲಿ ನಮ್ಮ ಹೈದರಾಬಾದಿನಲ್ಲಿ ನಡೆದ ಗಣಿತಜ್ಞರ ವಿಶ್ವ ಸಮ್ಮೇಳನದಲ್ಲಿ ಫೀಲ್ಡ್ಸ್ ಪದಕ ಪಡೆದ ಙೋ ಬಾವ್ ಚೌ ಅವರ ಊರಿನಲ್ಲಿ ಪ್ರೊಫೆಸರ್ ಚೌ. 'ಹೋ ಮಾಮ' ಎಂದು ಕುಲನಾಮದಿಂದಲೇ ಕರೆಸಿಕೊಂಡ ಹೋ ಚಿ ಮಿನ್ ಅಪರೂಪದ ಅಪವಾದ. ಕೋಣೆಯಲ್ಲಿ ಐದು ಜನ ಒಂದೇ ಮನೆತನದವರಿರುವಾಗ ಈ ಪದ್ಧತಿ ನಿಮಗೂ ಅನುಕೂಲ. ಮಿಸ್ಟರ್, ಮಿಸ್ ಎಂದು ಸೇರಿಸಿ ಸ್ವಂತ ಹೆಸರು ಹಿಡಿದು ಕರೆದರೆ ಅವರಿಗೆ ಅದು ಸಲಿಗೆಯೂ ಅಲ್ಲ, ಅಗೌರವವೂ ಅಲ್ಲ. ಲಕ್ಷ್ಮಮ್ಮ, ರಾಮಣ್ಣ ಎಂದು ಹೆಸರಿಗೇ ನೆಂಟಸ್ತಿಕೆ ಅಂಟಿಸಿ ಗೌರವ ತೋರುವ ನಮಗೆ ಇದು ಹೊಸದಲ್ಲ. ಅವರೂ ಹೆಸರಿನ ಮುಂದೆ ಅಕ್ಕ, ಅಣ್ಣ, ಅಜ್ಜಿ ಎಂದು ಸೇರಿಸಿಯೇ ಕರೆಯುವುದು.

ಇನ್ನೊಂದು ಎಚ್ಚರಿಕೆ. ಪರದೆಯ ಮೇಲೆ ಹೆಂಗಸರ ಹೆಸರಿನ ನಡುವೆ 'ಥಿ' ಎಂದು ಬಹಳ ಸಲ ಕಾಣುತ್ತದೆ. ಅದು ಹೆಣ್ಣು ಎಂದು ತಿಳಿಸುವ ಹಳೆಯ ಮಧ್ಯನಾಮ. ಅರ್ಜಿ ತುಂಬುವಾಗ ಅದು ಮೊದಲ ಹೆಸರಿನ ಜಾಗಕ್ಕೆ ಸೇರಿಕೊಂಡು, ಎಷ್ಟೋ ಅಜ್ಜಿಯರು ಅಮೆರಿಕದ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷದಿಂದ 'ಥಿ' ಎಂದೇ ಕರೆಸಿಕೊಳ್ಳುತ್ತಿದ್ದಾರೆ. ಅಪ್ಪನ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟಿನಲ್ಲಿ ಮುಂದೆ ಬಂದು ಅದರಿಂದಲೇ ಕರೆಸಿಕೊಂಡ ಕನ್ನಡಿಗರಿಗೆ ಇದರ ಸಂಕಟ ವಿವರಿಸಬೇಕಿಲ್ಲ. ಈ ಹೆಂಗಸರ ಹೆಸರಿನಲ್ಲಿ 'ಥಿ' ಆದ ಮೇಲೆ ಬರುವುದು ಯಾವುದೆಂದು ನೋಡಿ, ಅದನ್ನು ಕರೆಯಿರಿ. ಮದುವೆಯಾದ ಮೇಲೂ ಅವರು ಕುಲನಾಮ ಬದಲಿಸುವುದಿಲ್ಲ, ಹಾಗಾಗಿ ಗಂಡ ಹೆಂಡತಿಯ ಕಡತಗಳಲ್ಲಿ ಬೇರೆ ಬೇರೆ ಹೆಸರು ಕಂಡರೆ ಗಾಬರಿ ಬೇಡ.

ಅನುಮಾನ ಬಂದಾಗ 'ನಾನು ಸರಿಯಾಗಿ ಹೇಳಿದೆನಾ?' ಎಂದು ಕೇಳಬೇಡಿ. ಮರ್ಯಾದೆಗೆ ಎಲ್ಲರೂ ಹೌದು ಎಂದುಬಿಡುತ್ತಾರೆ. 'ಮನೆಯಲ್ಲಿ ಹೇಗೆ ಕರೆಯುತ್ತಾರೆ, ಒಂದು ಸಲ ಹೇಳಿ' ಎಂದು ಕೇಳಿ. ಅವರು ಹೇಳುವಾಗ ಬಾಯಿಯನ್ನು ನೋಡಿ, ಕೂಡಲೇ ಹಿಂದಿರುಗಿ ಹೇಳಿ, ಆಮೇಲೆ ಒಂದು ಸಣ್ಣ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ, ಪಕ್ಕದಲ್ಲಿ ದನಿಗೆ ಒಂದು ಬಾಣದ ಗುರುತು ಹಾಕಿ. ಇಂಗ್ಲಿಷಿನಲ್ಲಿ ಬರೆದುಕೊಂಡರೆ ಎರಡು ದಿನದಲ್ಲಿ ಮತ್ತೆ 'ನ್ಗುಯೆನ್'ಗೆ ಬಂದು ನಿಲ್ಲುತ್ತೀರಿ. ಮೊದಲ ಪ್ರಯೋಗಕ್ಕೆ ಙೋ ಮನೆತನದವರು ಯಾರಾದರೂ ಬಂದರೆ ಒಳ್ಳೆಯದು: ಒಂದೇ ವ್ಯಂಜನ, ಒಂದೇ ಸ್ವರ, ಏರಿಳಿತವಿಲ್ಲದ ಸಮದನಿ.